ಬೇಕೆಂದೇ ನಿಧಾನ

1960ರ ದಶಕದ ಮಾತು. ಅಮೆರಿಕದ ಎಂಐಟಿಯಲ್ಲಿ ಹಲವರು ಹಂಚಿಕೊಂಡು ಬಳಸುತ್ತಿದ್ದ ಸಿಟಿಎಸ್‌ಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಲಾಗಿನ್ ಆದವರಿಗೆಲ್ಲ ಒಂದು ದಿನ, ಎಂದಿನ ಪ್ರಕಟಣೆಯ ಜಾಗದಲ್ಲಿ ಬಳಕೆದಾರರೆಲ್ಲರ ಪಾಸ್‌ವರ್ಡ್ ಪಟ್ಟಿ ಕಂಡಿತು. ಕಳ್ಳತನವೇನಲ್ಲ. ಇಬ್ಬರು ನಿರ್ವಾಹಕರಲ್ಲಿ ಒಬ್ಬರು ಪ್ರಕಟಣೆಯನ್ನೂ ಇನ್ನೊಬ್ಬರು ಪಾಸ್‌ವರ್ಡ್ ಕಡತವನ್ನೂ ಒಂದೇ ಹೊತ್ತಿನಲ್ಲಿ ತಿದ್ದುತ್ತಿದ್ದರು. ಎಡಿಟರ್ ಸೃಷ್ಟಿಸುವ ತಾತ್ಕಾಲಿಕ ಕಡತಕ್ಕೆ ಒಂದೇ ಹೆಸರಿದ್ದುದರಿಂದ ಎರಡೂ ಅದಲುಬದಲಾದವು. ಕಾವಲು ಎಷ್ಟು ಬಿಗಿಯಿದ್ದರೂ ಇಂಥ ಎಡವಟ್ಟು ತಪ್ಪಿದ್ದಲ್ಲ. ಕಡತ ಬಯಲಾದರೂ ಯಾರ ಉಪಯೋಗಕ್ಕೂ ಬಾರದ ಹಾಗೆ ಇಡುವುದೊಂದೇ ದಾರಿ.

ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ವಿವರಿಸಿದ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ‘ಕ್ರಿಪ್ಟ್’ ಫಂಕ್ಷನ್ ಹಿಡಿದದ್ದು ಆ ದಾರಿಯನ್ನೇ. ಪಾಸ್‌ವರ್ಡನ್ನೇ ಕೀಲಿಯಾಗಿಸಿ, ಬರೀ ಸೊನ್ನೆಗಳ ತುಣುಕೊಂದನ್ನು ಡಿಇಎಸ್ ವಿಧಾನದಲ್ಲಿ 25 ಸಲ ಗೂಢಲಿಪಿಗೆ ಇಳಿಸಿ, ಕೊನೆಗೆ ಬಂದದ್ದನ್ನಷ್ಟೇ ಕಡತದಲ್ಲಿಡುವುದು. ರಾಗಿ ಬೀಸಿದರೆ ಹಿಟ್ಟಾದೀತು, ಹಿಟ್ಟಿನಿಂದ ರಾಗಿ ಆದೀತೇ? ಜೊತೆಗೆ ‘ಸಾಲ್ಟ್’ ಎಂಬ 4,096 ಬಗೆಯ ಬೆರಕೆ. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಸಾಲ್ಟ್ ಬೇರೆಯಾದರೆ ಫಲಿತಾಂಶವೂ ಬೇರೆ.

ಥಾಂಪ್ಸನ್ನರ ಸ್ವಂತ ಪಾಸ್‌ವರ್ಡ್ ಹೀಗೆ ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯ ಹಳೆಯ ಕಡತವೊಂದರಲ್ಲಿ ಉಳಿದಿತ್ತು. ಅದು ಒಡೆದದ್ದು 2019ರಲ್ಲಿ, ಗ್ರಾಫಿಕ್ಸ್ ಕಾರ್ಡೊಂದು ನಾಲ್ಕು ದಿನಕ್ಕೂ ಮಿಕ್ಕಿ ದುಡಿದ ಮೇಲೆ. ಸಿಕ್ಕಿದ್ದು ಒಂದು ಚೆಸ್ ನಡೆ: ರಾಣಿಯ ಮುಂದಿನ ಪದಾತಿ ಎರಡು ಮನೆ ಮುಂದಕ್ಕೆ, ಕೊನೆಯಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ. ‘ಕ್ರಿಪ್ಟ್’ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಎಂಟು ಅಕ್ಷರ. ಎಂಟನ್ನೂ ಬಳಸಿಕೊಂಡಿದ್ದರು, ಪುಣ್ಯಾತ್ಮ!

ಯಂತ್ರಗಳು ಚುರುಕಾದಂತೆಲ್ಲ 25 ಸುತ್ತು ಸಾಲದಾಯಿತು. 1999ರಲ್ಲಿ ಪ್ರೊವೊಸ್ ಮತ್ತು ಮಾಜಿಯೆರ್ಸ್ ರೂಪಿಸಿದ ‘ಬಿಕ್ರಿಪ್ಟ್’ನಲ್ಲಿ ಎಷ್ಟು ನಿಧಾನ ಬೇಕೆಂದು ನಾವೇ ಒಂದು ಅಂಕಿಯಲ್ಲಿ ಹೇಳಬಹುದು. ಅಂಕಿಯನ್ನು ಒಂದು ಏರಿಸಿದರೆ ಕೆಲಸ ಎರಡು ಪಟ್ಟು. ಲಾಗಿನ್ ಆಗುವವನಿಗೆ ಅರೆಕ್ಷಣದ ತಡ ಗೊತ್ತೇ ಆಗುವುದಿಲ್ಲ, ಕೋಟಿಗಟ್ಟಲೆ ಊಹೆ ನಡೆಸುವ ಕಳ್ಳನಿಗೆ ಅದೇ ವರ್ಷಗಳ ಲೆಕ್ಕ. ಪಿಎಚ್‌ಪಿ ಭಾಷೆ 2013ರಲ್ಲಿ ಇದನ್ನು ‘ಪಾಸ್‌ವರ್ಡ್ ಹ್ಯಾಶ್’ ಎಂಬ ಒಂದೇ ಫಂಕ್ಷನ್ನಿನಲ್ಲಿ ಕೈಗಿತ್ತಿತು. ಅದು ಕೊಡುವ 60 ಅಕ್ಷರಗಳ ಸಾಲಿನಲ್ಲಿ ವಿಧಾನ, ಸುತ್ತಿನ ಅಂಕಿ, ಸಾಲ್ಟ್ ಎಲ್ಲವೂ ಅಡಕ. ನಾವು ಹೇಳದಿದ್ದರೆ ಅದು ಬಳಸುವ ಅಂಕಿ ಮೊದಲು 10 ಇತ್ತು, 2024ರ ಆವೃತ್ತಿಯಲ್ಲಿ 12 ಆಯಿತು. ಸಾಲ್ಟನ್ನು ಪ್ರೋಗ್ರಾಮರ್ ತಾನೇ ಕೊಡುವ ಅವಕಾಶ ಮೊದಲಿತ್ತು, ಆಮೇಲೆ ಅದನ್ನೂ ಕಿತ್ತುಕೊಂಡರು. ಸರಿಯಾಗಿಯೇ ಮಾಡಿದರು. ಈ ವಿಷಯದಲ್ಲಿ ಪ್ರೋಗ್ರಾಮರನ ಜಾಣತನವನ್ನು ನಂಬದಿರುವುದೇ ಇಂಥ ಸಿದ್ಧ ಫಂಕ್ಷನ್‌ಗಳ ಒಳ್ಳೆಯ ಲೈಬ್ರರಿಯ ಲಕ್ಷಣ.

ನಮಗೆ ಸಂಬಂಧಿಸಿದ ಒಂದು ಸಣ್ಣ ಸಂಗತಿ. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್‌ಗಳನ್ನು ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಕ್ಷಾ’ ಎಂಬಲ್ಲಿ ನಾಲ್ಕು ಸಂಕೇತ, ಅಂದರೆ 12 ಬೈಟ್. ಆರು ‘ಕ್ಷಾ’ ಬರೆದರೆ ಮಿತಿ ಮುಗಿಯಿತು, ಮುಂದೆ ಏನೇ ಬರೆದರೂ ವ್ಯರ್ಥ.

ಲೈಬ್ರರಿ ಎದುರಿಗಿದ್ದೂ ಸ್ವಂತ ಬುದ್ಧಿ ಓಡಿಸಿದವರ ಪಾಡು ಗೊತ್ತಿರುವುದೇ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಸುಮಾರು 65 ಲಕ್ಷ ಪಾಸ್‌ವರ್ಡ್‌ಗಳಿಗೆ ಸಾಲ್ಟ್ ಇರಲಿಲ್ಲ. ಅಡೋಬಿಯದು ಇನ್ನೂ ವಿಚಿತ್ರ. 2013ರಲ್ಲಿ ಸೋರಿದ ಅದರ ಕಡತದಲ್ಲಿ ಪಾಸ್‌ವರ್ಡ್‌ಗಳಿಗೆಲ್ಲ ಒಂದೇ ಕೀಲಿಯ ಬೀಗ. ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲರ ಸಾಲೂ ಒಂದೇ. ಪಕ್ಕದಲ್ಲಿ ಬಳಕೆದಾರರು ನೆನಪಿಗೆಂದು ಬರೆದುಕೊಂಡ ಸುಳಿವುಗಳು ಬೆತ್ತಲೆಯಾಗಿ ಬಿದ್ದಿದ್ದವು. ಒಬ್ಬನ ಸುಳಿವು ಸಾವಿರಾರು ಜನರ ಗುಟ್ಟು ಬಿಡಿಸಿತು, ಕೀಲಿ ಬೇಕಾಗಲೇ ಇಲ್ಲ.

‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದಾಗ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ಗೆ ಕಳಿಸಿಕೊಡುವ ಜಾಲತಾಣ ಕಂಡರೆ ಖುಷಿಪಡಬೇಡಿ. ಅದು ನಿಮ್ಮ ಪಾಸ್‌ವರ್ಡನ್ನು ಓದಬಲ್ಲದು ಎಂದರ್ಥ. ಅದೇ ಪಾಸ್‌ವರ್ಡನ್ನು ಬ್ಯಾಂಕಿಗೂ ಇಟ್ಟಿದ್ದರೆ ಇವತ್ತೇ ಬದಲಿಸಿ.