ವಿಚಾರಣೆ ಎಂಬ ಪದ ಮತ್ತು ಕೇಳಿಸಿಕೊಳ್ಳುವ ಭಾಷೆ

ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ 1983ರದ್ದು. ಅದರ 990ನೇ ವಿಧಿ ತೀರಾ ಚಿಕ್ಕದು. ದುಭಾಷಿಯ ಮೂಲಕ ಪಾಪನಿವೇದನೆ ಮಾಡಲು ಯಾರಿಗೂ ಅಡ್ಡಿಯಿಲ್ಲ, ದುರುಪಯೋಗ ಆಗಬಾರದು, ಅಪವಾದಕ್ಕೆ ಎಡೆಯಾಗಬಾರದು, ಅಷ್ಟೇ ಎನ್ನುತ್ತದೆ. 983ನೇ ವಿಧಿ ಆ ದುಭಾಷಿಯ ಬಾಯಿಗೂ ಬೀಗ ಹಾಕುತ್ತದೆ: ಕೇಳಿದ್ದನ್ನು ಅವನೂ ಹೊರಗೆ ಆಡುವಂತಿಲ್ಲ. ಅನುವಾದದಿಂದಲೇ ಹೊಟ್ಟೆ ಹೊರೆಯುವ ನನಗೆ ಇದನ್ನು ಓದಿ ಖುಷಿಯಾಯಿತು. ನಮ್ಮ ಕಸುಬನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಕಾನೂನುಗಳು ಹೆಚ್ಚಿಲ್ಲ. ಆದರೆ ಕಟ್ಟಿಕೊಂಡವರಿಗೂ ಹೇಳದ ಮಾತನ್ನು ಮೂರನೆಯವರ ಎದುರು ಯಾರು ಹೇಳುತ್ತಾರೆ? ಹೇಳುವವರು ಕಡಿಮೆ ಎಂದೇ ನನ್ನ ಅಂದಾಜು. ದುಭಾಷಿ ಸಿಗದಿದ್ದರೆ ಜನ ಬೇರೆ ದಾರಿ ಹಿಡಿಯುತ್ತಾರೆ: ಗೊತ್ತಿರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಹಿಡಿಸುವಷ್ಟು ಪಾಪವನ್ನು ಮಾತ್ರ ಹೇಳಿ ಎದ್ದು ಬರುತ್ತಾರೆ.

ಚರ್ಚಿನ ಭಾಷೆಯ ಬಗ್ಗೆ ನಮ್ಮಲ್ಲಿ ನಡೆದ ಜಗಳಗಳಲ್ಲಿ ಈ ಮಾತು ಬರುವುದೇ ಇಲ್ಲ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಕೊಂಕಣಿಗಳ ನಡುವೆ ದಶಕಗಳಿಂದ ಎಳೆದಾಟವಿದೆ. ಯಾವ ಪೂಜೆ ಯಾವ ಭಾಷೆಯಲ್ಲಿ, ಎಷ್ಟು ಹೊತ್ತಿಗೆ, ಯಾವ ಭಾಷೆಯವರಿಗೆ ಗುರುಪಟ್ಟ, ಯಾರು ಬಿಷಪ್. ಎಲ್ಲವೂ ಪೀಠದ ಮೇಲಿನ ಭಾಷೆಯ ಲೆಕ್ಕ. ಕನ್ನಡಿಗರ ಅಹವಾಲಿನಲ್ಲಿ ನ್ಯಾಯವಿದೆ, ಅದನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ಪೂಜೆಯ ಮಾತುಗಳು ಅಚ್ಚಾದ ಪುಸ್ತಕದಲ್ಲಿರುತ್ತವೆ. ಕನ್ನಡ ಅಷ್ಟಕ್ಕಷ್ಟೇ ಬರುವ ಗುರುವೂ ಅದನ್ನು ಓದಿ ಮುಗಿಸಬಹುದು. ಪ್ರವಚನವನ್ನು ಹಿಂದಿನ ರಾತ್ರಿ ಬರೆದುಕೊಂಡು ಬರಬಹುದು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕೂತಾಗ, ಮಗ ಮನೆ ಬಿಟ್ಟು ಹೋದ ತಾಯಿ ಎದುರು ನಿಂತಾಗ, ಜಾಲರಿಯ ಆಚೆಯಿಂದ ಪಿಸುಮಾತು ಬಂದಾಗ ಪುಸ್ತಕವಿಲ್ಲ.

ಹಿಂದಿನವರಿಗೆ ಇದು ಗೊತ್ತಿತ್ತು. ಎರಡನೇ ವ್ಯಾಟಿಕನ್ ಪರಿಷತ್ತು 1963ರ ಡಿಸೆಂಬರಿನಲ್ಲಿ ದಾರಿ ತೆರೆಯುವ ತನಕ ಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ಹಾಗಿದ್ದರೂ ಮಿಷನರಿಗಳು ನಮ್ಮ ಭಾಷೆಗಳಿಗಾಗಿ ಏಕೆ ಅಷ್ಟು ಒದ್ದಾಡಿದರು? 1579ರಲ್ಲಿ ಗೋವೆಗೆ ಬಂದ ಥಾಮಸ್ ಸ್ಟೀಫನ್ಸ್ ಕೊಂಕಣಿಗೆ ವ್ಯಾಕರಣ ಬರೆದರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1640ರಲ್ಲಿ. ಅದೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಪೂಜೆಗೆ ಇದ್ಯಾವುದೂ ಬೇಕಿರಲಿಲ್ಲ. ಬೋಧನೆಗೆ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಲು ಬೇಕಿತ್ತು.

ಹಳೇ ಮೈಸೂರು ಕಡೆಯ ಕಥೋಲಿಕರು ಪ್ಯಾರಿಷ್‌ಗೆ 'ವಿಚಾರಣೆ' ಎನ್ನುತ್ತಾರೆ, ಅಲ್ಲಿನ ಗುರು 'ವಿಚಾರಣಾ ಗುರು'. ಹೊರಗಿನವರ ಕಿವಿಗೆ ಇದು ಪೊಲೀಸ್ ಠಾಣೆಯ ಮಾತಿನಂತೆ ಕೇಳಬಹುದು. ಆದರೆ ನೆಂಟರ ಮನೆಯಿಂದ ಬಂದವರು 'ತುಂಬಾ ಚೆನ್ನಾಗಿ ವಿಚಾರಿಸಿಕೊಂಡರು' ಎನ್ನುತ್ತಾರಲ್ಲ, ಆ ವಿಚಾರಣೆ ಇದು. ಈಚಿನ 'ಧರ್ಮಕೇಂದ್ರ'ಕ್ಕಿಂತ ಎಷ್ಟೋ ಪಾಲು ಒಳ್ಳೆಯ ಪದ. ಸಂಹಿತೆಯ 529ನೇ ವಿಧಿ ಹೇಳುವುದೂ ಇದನ್ನೇ: ಗುರು ಮನೆಮನೆಗೆ ಹೋಗಬೇಕು, ರೋಗಿಗಳನ್ನು, ಸಾಯುತ್ತಿರುವವರನ್ನು, ಬಡವರನ್ನು, ಒಂಟಿಯಾದವರನ್ನು, ತನ್ನ ನಾಡಿನಿಂದ ದೂರವಾದವರನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಪ್ಯಾರಿಷ್ ಗುರುಗಳ ಪಾಲಕ ಸಂತ ಜಾನ್ ಮರಿ ವಿಯಾನ್ನಿಗೆ ಲ್ಯಾಟಿನ್ ತಲೆಗೆ ಹತ್ತಲಿಲ್ಲ. ಗುರುಮಠದ ಪರೀಕ್ಷೆಯಲ್ಲಿ ನಪಾಸಾದರು, ಗುರುಪಟ್ಟ ಸಿಕ್ಕಿದ್ದೇ ಹೆಚ್ಚು. 1818ರಲ್ಲಿ ಅವರನ್ನು ಫ್ರಾನ್ಸಿನ ಆರ್ಸ್ ಎಂಬ ಇನ್ನೂರು ಚಿಲ್ಲರೆ ಜನರ ಹಳ್ಳಿಗೆ ಕಳಿಸಿದರು. 1859ರಲ್ಲಿ ಸಾಯುವ ತನಕ ಅಲ್ಲೇ ಇದ್ದರು, ನಲವತ್ತೊಂದು ವರ್ಷ. ಕೊನೆಕೊನೆಗೆ ದಿನಕ್ಕೆ ಹದಿನಾರು ಗಂಟೆಯವರೆಗೂ ಪಾಪನಿವೇದನೆ ಕೇಳುತ್ತಿದ್ದರಂತೆ. ಸಂತರ ಕಥೆಗಳಲ್ಲಿ ಬಿಟ್ಟುಬಿಡುವ ಒಂದು ಸಂಗತಿಯೂ ಇದೆ: ತಡೆಯಲಾರದೆ ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಓಡಿಹೋಗಲು ನೋಡಿದರು. ಕೇಳಿಸಿಕೊಳ್ಳುವುದು ಮನುಷ್ಯನನ್ನು ಹಿಂಡುವ ಕೆಲಸ. ಕೇಳಿದ್ದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವ ಹಾಗೂ ಇಲ್ಲ.

ಇಂದು ನಮ್ಮಲ್ಲಿ ಯಾವ ಗುರುವಿಗೂ ನಲವತ್ತೊಂದು ವರ್ಷ ಸಿಗುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಮಂಗಳೂರಿನ ಕೊಂಕಣಿ ಮನೆಯಿಂದ ಬಂದ ತರುಣ ಗುರುವಿಗೆ ಬಯಲುಸೀಮೆಯ ಕನ್ನಡ ಕಿವಿಗೆ ಕೂರಲು ಎರಡು ವರ್ಷ ಬೇಕು. ಅಜ್ಜಿಯೊಬ್ಬಳು 'ಹೊಟ್ಟೆ ಉರೀತದೆ ಸ್ವಾಮಿ' ಎಂದರೆ ಅದು ಅಜೀರ್ಣವೋ ಅಸೂಯೆಯೋ ಸಂಕಟವೋ ಎಂದು ತಿಳಿಯಲು ಅವಳ ಮನೆಯ ಕಥೆ ಗೊತ್ತಿರಬೇಕು. ಗೊತ್ತಾಗುವ ಹೊತ್ತಿಗೆ ಗಂಟುಮೂಟೆ ಕಟ್ಟುವ ಆದೇಶ ಬರುತ್ತದೆ. ಸೋಜಿಗವೆಂದರೆ, 522ನೇ ವಿಧಿಯ ಒಲವು ಸ್ಥಿರತೆಯ ಕಡೆಗಿದೆ: ಪ್ಯಾರಿಷ್ ಗುರುವಿನ ನೇಮಕ ಅವಧಿಯಿಲ್ಲದ್ದಾಗಿರಬೇಕು, ಅವಧಿ ಗೊತ್ತುಮಾಡುವುದಾದರೆ ಅದಕ್ಕೆ ಬಿಷಪರ ಮಂಡಳಿಯ ಒಪ್ಪಿಗೆ ಬೇಕು.

ಒಬ್ಬನೇ ಒಂದೇ ಕಡೆ ಬೇರುಬಿಟ್ಟರೆ ಪಾಳೇಗಾರನಾಗುತ್ತಾನೆ ಎಂಬ ಆಕ್ಷೇಪ ಸುಳ್ಳಲ್ಲ. ಶಾಲೆ, ಸ್ಮಶಾನ, ಹುಂಡಿ, ಮದುವೆಯ ಕಾಗದ ಎಲ್ಲವೂ ಒಂದೇ ಕೈಯಲ್ಲಿದ್ದರೆ ಯಾರಿಗಾದರೂ ತಲೆ ತಿರುಗುತ್ತದೆ. ಆದರೆ ವರ್ಗಾವಣೆ ಅದಕ್ಕೆ ಮದ್ದಲ್ಲ. ಪಾಳೇಗಾರನನ್ನು ಪಕ್ಕದ ಊರಿಗೆ ಕಳಿಸಿದರೆ ಪಕ್ಕದ ಊರಿಗೆ ಪಾಳೇಗಾರ ಸಿಕ್ಕಂತಾಯಿತು, ಅಷ್ಟೇ. ತಪ್ಪು ಮಾಡಿದವರನ್ನು ಹೀಗೆ ಊರಿಂದೂರಿಗೆ ದಾಟಿಸಿದ್ದರಿಂದ ಎಷ್ಟು ಮಕ್ಕಳ ಬದುಕು ಹಾಳಾಯಿತೆಂಬುದನ್ನು ಐರ್ಲೆಂಡ್, ಅಮೆರಿಕಗಳ ಚರ್ಚುಗಳು ಜಗತ್ತಿಗೆ ತೋರಿಸಿವೆ. ಲೆಕ್ಕ ಕೇಳುವ ಜನ ಬೇಕು. ಪ್ರತಿ ಪ್ಯಾರಿಷ್‌ನಲ್ಲೂ ಹಣಕಾಸು ಸಮಿತಿ ಇರಲೇಬೇಕು ಎಂದು 537ನೇ ವಿಧಿ ಹೇಳುತ್ತದೆ. ಅದರ ಸದಸ್ಯರು ಗುರುಗಳು ತೋರಿಸಿದಲ್ಲಿ ಸಹಿ ಹಾಕುವವರಾಗದೆ ರಸೀತಿ ಕೇಳುವವರಾದರೆ, ಒಬ್ಬ ಒಳ್ಳೆಯ ಗುರುವನ್ನು ಹದಿನೈದು ವರ್ಷ ಒಂದೇ ಕಡೆ ಬಿಡಲು ಹೆದರಬೇಕಿಲ್ಲ.

ಮುಂಬೈಯಲ್ಲಿರುವವರು ಅಲ್ಲಿನ ಚರ್ಚುಗಳ ಫಲಕ ನೋಡಿರಬಹುದು. ಇಂಗ್ಲಿಷ್ ಪೂಜೆ ಇಷ್ಟು ಗಂಟೆಗೆ, ಕೊಂಕಣಿ ಇಷ್ಟಕ್ಕೆ, ಮರಾಠಿ ಇಷ್ಟಕ್ಕೆ ಎಂದು ಬರೆದಿರುತ್ತದೆ. ಕೆಳಗೆ ಪಾಪನಿವೇದನೆಯ ಸಮಯವೂ ಇರುತ್ತದೆ, ಭಾಷೆ ಮಾತ್ರ ಇರುವುದು ಅಪರೂಪ. ಅಲ್ಲಿ ಇನ್ನೊಂದು ಸಾಲು ಸೇರಿಸಲು ಬಣ್ಣದ ಖರ್ಚು ಬಿಟ್ಟರೆ ಬೇರೇನೂ ಇಲ್ಲ: ಯಾವ ಗುರು ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳಬಲ್ಲರು, ಅವರು ಯಾವ ವಾರ ಸಿಗುತ್ತಾರೆ. ಕನ್ನಡ ಬಲ್ಲವರು ತಿಂಗಳಿಗೆ ಒಂದೇ ಸಲ ಬಂದರೂ ಸರಿ, ಬರೆದಿರಲಿ.