ಪರದೇಶದ ಉಪಕರಣ, ನಮ್ಮೂರ ವಿದ್ಯುತ್ತು

ಪರಸ್ಥಳದಿಂದ ತಂದ ತೆಂಗಿನ ಸಸಿಯನ್ನು ಗುಂಡಿಗೆ ಇಳಿಸುವ ಮುನ್ನ ನಮ್ಮ ರೈತನು ಅದು ಈ ಮಣ್ಣಿಗೆ ಒಗ್ಗುವುದೇ, ಈ ನೀರಿಗೆ ತಾಳುವುದೇ ಎಂದು ನಾಲ್ಕು ಜನರನ್ನು ವಿಚಾರಿಸುತ್ತಾನೆ. ಸಸಿಯ ವಿಷಯದಲ್ಲಿ ತೋರುವ ಈ ವಿವೇಕವನ್ನು ಪರದೇಶದಿಂದ ಬಂದ ವಿದ್ಯುದುಪಕರಣದ ವಿಷಯದಲ್ಲಿ ನಾವು ತೋರುತ್ತಿಲ್ಲವೆಂಬುದೇ ಈ ಲೇಖನದ ಆಕ್ಷೇಪಣೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ಕಲ್ಪತರು ನಾಡಿನಲ್ಲಿ ಕೊಬ್ಬರಿ ಮಾರಿದ ಹಣದಿಂದ ಮಕ್ಕಳನ್ನು ಓದಿಸಿದ ಮನೆಗಳು ಬಹಳ. ಓದಿದ ಮಕ್ಕಳಲ್ಲಿ ಹಲವರು ಅಮೆರಿಕ, ಜಪಾನ್ ಮೊದಲಾದ ದೇಶಗಳಲ್ಲಿ ನೆಲೆಸಿದ್ದಾರೆ. ಊರಿಗೆ ಬರುವಾಗ ಅವರು ತಾಯಿತಂದೆಗಳಿಗೆಂದು ಮೊಬೈಲು, ಲ್ಯಾಪ್‌ಟಾಪು, ಅನ್ನ ಬೇಯಿಸುವ ಕುಕ್ಕರು, ಮೈ ಕಾಯಿಸುವ ಹೀಟಿಂಗ್ ಪ್ಯಾಡು, ಉಬ್ಬಸಕ್ಕೆ ಔಷಧದ ಹಬೆ ಕೊಡುವ ನೆಬ್ಯುಲೈಸರು ಮುಂತಾದವನ್ನು ತರುತ್ತಾರೆ. ಅವುಗಳ ಚಪ್ಪಟೆ ಪಿನ್ನುಗಳು ನಮ್ಮ ಗೋಡೆಯ ಗುಂಡುತೂತಿನ ಸಾಕೆಟ್ಟಿಗೆ ಹೊಂದುವುದಿಲ್ಲ. ಆಗ ಅಂಗಡಿಗೆ ಹೋಗಿ ‘ಕನ್ವರ್ಟರ್ ಕೊಡಿ’ ಎಂದು ಕೇಳಿದರೆ ಅಲ್ಪಬೆಲೆಯ ಪ್ಲಾಸ್ಟಿಕ್ ತುಂಡೊಂದು ದೊರೆಯುತ್ತದೆ. ಅದನ್ನು ಸಿಕ್ಕಿಸಿದೊಡನೆ ಉಪಕರಣ ಸಾಕೆಟ್ಟಿಗೆ ಹೊಂದುತ್ತದೆ. ಹೊಂದಿತೆಂದ ಮೇಲೆ ಯೋಗ್ಯವೇ ಆಯಿತೆಂದು ಮನೆಯವರು ತಿಳಿಯುತ್ತಾರೆ. ಈ ತಿಳಿವಳಿಕೆಯಲ್ಲಿಯೇ ಅಪಾಯವಿದೆ. ಆ ತುಂಡು ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ. ವೋಲ್ಟೇಜನ್ನು ಅದು ಕೂದಲೆಳೆಯಷ್ಟೂ ಬದಲಿಸದು.

ಒಂದೇ ವಿದ್ಯುಚ್ಛಕ್ತಿಗೆ ದೇಶದೇಶಗಳಲ್ಲಿ ಬೇರೆ ಬೇರೆ ಅಳತೆಗಳೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಕಾರಣ ಪ್ರಕೃತಿಯ ನಿಯಮವಲ್ಲ, ಇತಿಹಾಸ. 1882ರಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ತೆರೆದ ವಿದ್ಯುದಾಗಾರವು ಸುಮಾರು 110 ವೋಲ್ಟಿನ ನೇರಪ್ರವಾಹವನ್ನು ಒದಗಿಸಿತು. ಅಂದಿನ ಇಂಗಾಲದ ತಂತುವಿನ ದೀಪಗಳಿಗೆ ಆ ಅಳತೆ ಒಪ್ಪುತ್ತಿತ್ತು. ಬರ್ಲಿನ್ ನಗರದ ವಿದ್ಯುತ್ ಕಂಪನಿಯು 1899ರಿಂದ 220 ವೋಲ್ಟಿಗೆ ಬದಲಾಯಿಸಿಕೊಂಡಿತು. ವೋಲ್ಟೇಜು ಇಮ್ಮಡಿಯಾದರೆ ಅದೇ ಶಕ್ತಿಯನ್ನು ಅರ್ಧ ಪ್ರವಾಹದಲ್ಲಿಯೇ ಸಾಗಿಸಬಹುದು, ತಾಮ್ರದ ವೆಚ್ಚ ಉಳಿಯುತ್ತದೆ. ಜಪಾನಿನ ಕಥೆ ಇನ್ನೂ ಸ್ವಾರಸ್ಯವಾದುದು. 1895ರಲ್ಲಿ ಟೋಕಿಯೋ ನಗರವು ಜರ್ಮನಿಯಿಂದಲೂ ಮರುವರ್ಷ ಒಸಾಕಾ ನಗರವು ಅಮೆರಿಕದಿಂದಲೂ ಜನರೇಟರುಗಳನ್ನು ತರಿಸಿದುದರಿಂದ, ಆ ದೇಶದ ಪೂರ್ವಭಾಗದಲ್ಲಿ ಸೆಕೆಂಡಿಗೆ 50 ಆವರ್ತ, ಪಶ್ಚಿಮಭಾಗದಲ್ಲಿ 60 ಆವರ್ತ ಇಂದಿಗೂ ನಡೆದುಬಂದಿದೆ. ಈಗ ಅಮೆರಿಕದ ಮನೆಗಳಲ್ಲಿ 120 ವೋಲ್ಟ್, 60 ಆವರ್ತ. ಜಪಾನಿನಲ್ಲಿ 100 ವೋಲ್ಟ್. ನಮ್ಮಲ್ಲಿ 230 ವೋಲ್ಟ್, 50 ಆವರ್ತ.

ಈ ವ್ಯತ್ಯಾಸ ಎಷ್ಟು ಪ್ರಬಲವಾದುದೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಅಮೆರಿಕದಲ್ಲಿ 120 ವೋಲ್ಟಿಗೆಂದು ತಯಾರಾದ 1200 ವಾಟಿನ ಹೀಟರೊಂದು ಇದೆಯೆನ್ನೋಣ. ಅದರ ತಂತಿಯ ರೋಧ 12 ಓಮ್. ಅದನ್ನು ನಮ್ಮ 230 ವೋಲ್ಟಿಗೆ ಜೋಡಿಸಿದರೆ ಶಕ್ತಿಯು ಇಮ್ಮಡಿಯಾಗುವುದೆಂದು ಮೇಲುನೋಟಕ್ಕೆ ತೋರಬಹುದು, ಹಾಗಲ್ಲ. ಶಕ್ತಿಯು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಅದು ಮೂರೂಮುಕ್ಕಾಲು ಪಟ್ಟಿಗೆ ಸಮೀಪಿಸಿ ಸುಮಾರು 4400 ವಾಟಿಗೆ ಏರುತ್ತದೆ. ಪ್ರವಾಹ 19 ಆಂಪಿಯರನ್ನು ಮೀರುತ್ತದೆ. ಆರು ಆಂಪಿಯರಿನ ಸಾಕೆಟ್ಟು, ಅದರ ಹಿಂದಿನ ಸಣ್ಣ ತಂತಿ, ಮೇಲಿನ ಪ್ಲಾಸ್ಟಿಕ್ ತುಂಡು ಇವುಗಳಲ್ಲಿ ಯಾವುದೂ ಇಷ್ಟನ್ನು ಹೊರುವುದಕ್ಕಾಗಿ ಹುಟ್ಟಿದುದಲ್ಲ. ಸರಿಯಾದ ಫ್ಯೂಸ್ ಇದ್ದರೆ ಅದು ಕರಗಿ ಮನೆಯನ್ನು ಕಾಯುತ್ತದೆ. ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದರೆ ಗೋಡೆಯೊಳಗಿನ ತಂತಿಯೇ ಫ್ಯೂಸಿನ ಕೆಲಸ ಮಾಡಬೇಕಾಗುತ್ತದೆ.

ಇದಕ್ಕೆ ಒಂದು ಪ್ರತ್ಯುತ್ತರವಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ‘ನಮ್ಮ ಮಗನ ಅಮೆರಿಕದ ಮೊಬೈಲು ಚಾರ್ಜರನ್ನು ಎಷ್ಟೋ ದಿನದಿಂದ ಇಲ್ಲಿಯೇ ಹಾಕುತ್ತಿದ್ದೇವೆ, ಏನೂ ಆಗಿಲ್ಲ’ ಎಂದು ಹೇಳುವವರಿದ್ದಾರೆ. ಅವರ ಮಾತು ನಿಜ. ಇಂದಿನ ಮೊಬೈಲು ಮತ್ತು ಲ್ಯಾಪ್‌ಟಾಪುಗಳ ಚಾರ್ಜರುಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ, 50 ಅಥವಾ 60 ಆವರ್ತಕ್ಕೆ ಒಗ್ಗುವಂತೆ ರಚಿತವಾಗಿವೆ. ಒಳಬಂದ ಪರ್ಯಾಯ ಪ್ರವಾಹವನ್ನು ಅವು ಮೊದಲು ನೇರಪ್ರವಾಹವಾಗಿ ಮಾಡಿಕೊಳ್ಳುತ್ತವೆ. ಬಳಿಕ ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ತಡೆದು ಬಿಟ್ಟು, ಬಿಡುವ ಕಾಲವನ್ನು ಹೆಚ್ಚು ಕಡಿಮೆ ಮಾಡಿ, ಹೊರಗೆ ಬೇಕಾದ 5 ವೋಲ್ಟನ್ನೋ 20 ವೋಲ್ಟನ್ನೋ ಸಮನಾಗಿ ಕೊಡುತ್ತವೆ. ಕಾಲುವೆಯಲ್ಲಿ ನೀರಿನ ಸೆಳೆತ ಹೆಚ್ಚಿದಾಗ ತೂಬನ್ನು ಸ್ವಲ್ಪವೇ ತೆರೆದು, ಕಡಿಮೆಯಾದಾಗ ಹೆಚ್ಚು ತೆರೆದು, ಗದ್ದೆಗೆ ಒಂದೇ ಪ್ರಮಾಣದಲ್ಲಿ ನೀರು ಹಾಯಿಸುವ ನೀರಗಂಟಿಯ ಚಾತುರ್ಯವೇ ಇಲ್ಲಿಯೂ ನಡೆಯುತ್ತದೆ.

ಆದರೆ ಈ ಚಾರ್ಜರಿನ ಒಳ್ಳೆಯತನವೇ ನಮಗೆ ಕೆಟ್ಟ ಅಭ್ಯಾಸವನ್ನು ಕಲಿಸಿದೆಯೆಂದು ನಾವು ಹೇಳುತ್ತೇವೆ. ಹತ್ತು ಬಾರಿ ಏನೂ ಆಗದಿದ್ದುದರಿಂದ ಹನ್ನೊಂದನೆಯ ಬಾರಿಯೂ ಆಗದೆಂದು ನಂಬಿ, ಅದೇ ಪ್ಲಾಸ್ಟಿಕ್ ತುಂಡಿಗೆ ಕುಕ್ಕರನ್ನೂ ನೆಬ್ಯುಲೈಸರನ್ನೂ ಸಿಕ್ಕಿಸುತ್ತೇವೆ. ಬರಿಯ 120 ವೋಲ್ಟಿಗೆ ತಯಾರಾದ ಉಪಕರಣದೊಳಗೆ ಅಂತಹ ನೀರಗಂಟಿ ಇಲ್ಲ. 230 ವೋಲ್ಟ್ ಎಂಬುದು ಪರ್ಯಾಯ ಪ್ರವಾಹದ ಕಾರ್ಯಕಾರಿ ಬೆಲೆ. ಪ್ರತಿ ಆವರ್ತದ ಶಿಖರದಲ್ಲಿ ಅದು 325 ವೋಲ್ಟನ್ನು ಮುಟ್ಟುತ್ತದೆ. 120 ವೋಲ್ಟಿನ ಶಿಖರ 170 ಮಾತ್ರ. 200 ವೋಲ್ಟಿನವರೆಗೆ ತಾಳುವ ಕೆಪಾಸಿಟರಿನ ಮೇಲೆ 325 ವೋಲ್ಟ್ ಬಿದ್ದರೆ ಅದು ಸಿಡಿಯುವುದರಲ್ಲಿ ಆಶ್ಚರ್ಯವೇನು? ಕಬ್ಬಿಣದ ತಿರುಳಿನ ಟ್ರಾನ್ಸ್‌ಫಾರ್ಮರುಳ್ಳ ಹಳೆಯ ಬಗೆಯ ತೂಕದ ಚಾರ್ಜರುಗಳದೂ ಇದೇ ಗತಿ. ಅವುಗಳ ತಿರುಳು ಕಾಂತತ್ವವನ್ನು ಹೊರಲಾರದೆ, ಸುರುಳಿಯಲ್ಲಿ ಪ್ರವಾಹ ಮಿತಿಮೀರಿ, ಕೆಲವೇ ನಿಮಿಷಗಳಲ್ಲಿ ಸುಟ್ಟ ವಾಸನೆ ಹೊರಡುತ್ತದೆ. ಕುಕ್ಕರು ಸುಟ್ಟರೆ ಹಣ ಹೋಯಿತು. ನಡುರಾತ್ರಿಯಲ್ಲಿ ಉಸಿರು ಕಟ್ಟಿದ ವೃದ್ಧರಿಗೆಂದು ಹೊರತೆಗೆದ ನೆಬ್ಯುಲೈಸರು ಗುಂಡಿ ಒತ್ತಿದೊಡನೆ ಸುಟ್ಟರೆ ಹೋಗುವುದು ಹಣವಲ್ಲ.

ಹಾಗಾದರೆ ಮಾಡತಕ್ಕುದೇನು? ಉಪಕರಣದ ಹಿಂಬದಿಯಲ್ಲಿ ಅಥವಾ ಚಾರ್ಜರಿನ ಮೈಮೇಲೆ ಒಂದು ಸಣ್ಣ ಫಲಕವಿರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ‘ಇನ್‌ಪುಟ್’ ಎಂಬ ಶಬ್ದದ ಮುಂದೆ ಬರೆದ ಅಂಕಿಗಳನ್ನು ನೋಡಬೇಕು. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಪಿನ್ನಿನ ಆಕಾರವನ್ನಷ್ಟೇ ಬದಲಿಸಿ ಉಪಯೋಗಿಸಬಹುದು. ಬರಿಯ 120 ಅಥವಾ 100 ಎಂದಿದ್ದರೆ ನಮ್ಮ ಸಾಕೆಟ್ಟಿಗೆ ಅದನ್ನು ಎಂದಿಗೂ ನೇರವಾಗಿ ಹಾಕಬಾರದು. ವೋಲ್ಟೇಜನ್ನು ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಸಾಮರ್ಥ್ಯ ಉಪಕರಣದ ವಾಟುಗಳಿಗಿಂತ ಧಾರಾಳವಾಗಿ ಹೆಚ್ಚಿರಬೇಕು. ಸಾವಿರ ವಾಟುಗಳಿಗೆ ಒದಗುವ ಟ್ರಾನ್ಸ್‌ಫಾರ್ಮರು ಕೈಯಲ್ಲಿ ಹಿಡಿದರೆ ಭಾರವೆನಿಸುತ್ತದೆ. ಅಂಗೈಯಷ್ಟು ಹಗುರವಾಗಿದ್ದು ಅಷ್ಟೇ ಸಾಮರ್ಥ್ಯ ಹೇಳಿಕೊಳ್ಳುವ ಪ್ರಯಾಣಿಕರ ಕನ್ವರ್ಟರುಗಳಲ್ಲಿ ಕೆಲವು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ. ಅವು ಕಾವಿನ ಉಪಕರಣಗಳಿಗೆ ಹೊರತು ಎಲೆಕ್ಟ್ರಾನಿಕ್ ಉಪಕರಣಗಳಿಗೆ ಸಲ್ಲವು. ಇನ್ನೊಂದು ವಿಷಯವನ್ನೂ ನೆನಪಿಡಬೇಕು. ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸುವುದೇ ಹೊರತು ಆವರ್ತವನ್ನು ಬದಲಿಸದು. ಸೆಕೆಂಡಿಗೆ 60 ಆವರ್ತವನ್ನು ನಂಬಿ ನಡೆಯುವ ಅಮೆರಿಕದ ವಿದ್ಯುತ್ ಗಡಿಯಾರವು ನಮ್ಮಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ; ಹಲವು ಬಗೆಯ ಮೋಟಾರುಗಳೂ ಹಾಗೆಯೇ ನಿಧಾನವಾಗುತ್ತವೆ.

ಫಲಕದಲ್ಲಿ 240 ಎಂದಿದ್ದ ಮಾತ್ರಕ್ಕೆ ನಿಶ್ಚಿಂತರಾಗಬಹುದೇ? ಪಟ್ಟಣದಲ್ಲಿ ಬಹುಮಟ್ಟಿಗೆ ಹೌದು. ತೋಟದ ಮನೆಗಳಲ್ಲಿ ಅಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಮನೆಬಳಕೆಯ ವೋಲ್ಟೇಜು ಶೇಕಡ 6ಕ್ಕಿಂತ ಹೆಚ್ಚು ಏರಿಳಿಯಕೂಡದೆಂದು ವಿಧಿಸಿದ್ದವು. ಆದರೆ ತಂತಿಯ ಕೊನೆಯಲ್ಲಿರುವ ಒಂಟಿ ಮನೆಯಲ್ಲಿ, ಸುತ್ತಣ ಕೊಳವೆಬಾವಿಗಳ ಪಂಪುಗಳೆಲ್ಲ ಒಮ್ಮೆಗೇ ಹೊರಟಾಗ ದೀಪ ಮಂಕಾಗುವುದನ್ನೂ, ಅವು ನಿಂತಾಗ ಕಣ್ಣು ಕೋರೈಸುವುದನ್ನೂ ಎಲ್ಲರೂ ಬಲ್ಲರು. ಇದಕ್ಕಿಂತ ದೊಡ್ಡ ಕೇಡು ನಮ್ಮ ತೆಂಗಿನ ಮರಗಳಿಂದಲೇ ಬರುತ್ತದೆ. ಗಾಳಿಮಳೆಯಲ್ಲಿ ಒಣಗಿದ ಗರಿಯೊಂದು ವಿದ್ಯುತ್ ತಂತಿಗಳ ಮೇಲೆ ಬಿದ್ದು ನ್ಯೂಟ್ರಲ್ ತಂತಿ ಹರಿದರೆ, 230 ವೋಲ್ಟಿಗೆಂದು ಇದ್ದ ಮನೆಗಳ ನಡುವೆ ಎರಡು ಫೇಸುಗಳ 400 ವೋಲ್ಟ್ ಹಂಚಿಹೋಗುತ್ತದೆ. ಕಡಿಮೆ ವಿದ್ಯುತ್ತು ಬಳಸುತ್ತಿರುವ ಮನೆಗೆ ಹೆಚ್ಚು ಪಾಲು ಬೀಳುತ್ತದೆ. ಆ ಹೊತ್ತಿನಲ್ಲಿ 240ರ ಚಾರ್ಜರೂ ಉಳಿಯಲಾರದು. ಆದ್ದರಿಂದ ಗಾಳಿ ಎದ್ದಾಗ, ಗುಡುಗು ಕೇಳಿದಾಗ, ಚಾರ್ಜರನ್ನು ಸಾಕೆಟ್ಟಿನಿಂದ ಕಿತ್ತಿಡುವುದು ಪುಕ್ಕಲುತನವಲ್ಲ. ತೋಟದ ಮನೆಯಲ್ಲಿ ವೋಲ್ಟೇಜು ಮಿತಿಮೀರಿದೊಡನೆ ವಿದ್ಯುತ್ತನ್ನು ಕಡಿಯುವ ಸಾಧನವನ್ನು ಹಾಕಿಸುವುದು ಹಣದ ದುಂದೂ ಅಲ್ಲ.

ಅರ್ತಿಂಗ್ ವಿಷಯವೂ ಹೀಗೆಯೇ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ತುಂಡಿಗೆ ಸಿಕ್ಕಿಸಿದಾಗ ಭೂಮಿಯೊಡನೆ ಇರಬೇಕಾದ ಸಂಬಂಧ ತಪ್ಪಿಹೋಗುತ್ತದೆ. ಲೋಹದ ಮೈಯುಳ್ಳ ಲ್ಯಾಪ್‌ಟಾಪನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಸಾಮಾನ್ಯವಾಗಿ ಇದರಿಂದಲೇ. ಆ ಜುಮ್ಮೆನ್ನುವಿಕೆ ತಾನಾಗಿ ಅಪಾಯಕರವಲ್ಲದಿರಬಹುದು. ಆದರೆ ಅದೇ ಸಾಕೆಟ್ಟಿಗೆ ಕಬ್ಬಿಣದ ಮೈಯುಳ್ಳ ಕುಕ್ಕರನ್ನು ಹಾಕಿ, ಒಳಗಿನ ತಂತಿಯ ಹೊದಿಕೆ ಸವೆದಿದ್ದರೆ, ಪ್ರಾಣಕ್ಕೇ ಮುಳುವಾದೀತು. ಚೌಕದೊಳಗೆ ಚೌಕದ ಗುರುತುಳ್ಳ ಉಪಕರಣಕ್ಕೆ ಇಮ್ಮಡಿ ಹೊದಿಕೆಯಿದ್ದು ಅರ್ತಿಂಗ್ ಬೇಕಿಲ್ಲ. ಉಳಿದವುಗಳಿಗೆ ಮೂರನೆಯ ಪಿನ್ನು ಅಲಂಕಾರವಲ್ಲ.

ನಮ್ಮ ಸೀಮೆಯಲ್ಲಿ ಈ ಎಚ್ಚರ ಇತರ ಕಡೆಗಳಿಗಿಂತ ಹೆಚ್ಚಾಗಿ ಬೇಕೆನ್ನಲು ಮತ್ತೊಂದು ಕಾರಣವಿದೆ. ತಿಪಟೂರಿನ ಉಂಡೆಕೊಬ್ಬರಿ ಬಿಸಿಲಿನಲ್ಲಿ ಆಗುವುದಲ್ಲ. ಬಲಿತ ಕಾಯಿಗಳು ಸಿಪ್ಪೆಯ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಮಲಗಿ, ಒಳಗಿನ ನೀರು ಬತ್ತಿ ಗಿಟುಕಾಗುತ್ತವೆ. ಕೊಬ್ಬರಿಯ ತೂಕದಲ್ಲಿ ಸುಮಾರು ಮೂರರಲ್ಲೆರಡು ಪಾಲು ಎಣ್ಣೆ. ಸುತ್ತಲೂ ಒಣಗಿದ ನಾರು. ವರ್ಷದ ದುಡಿಮೆಯೆಲ್ಲವೂ ಒಂದೇ ಸೂರಿನಡಿ ಕೂಡಿರುತ್ತದೆ. ಅದೇ ಅಟ್ಟದ ತೊಲೆಗಳ ಮೇಲೆ ಮನೆಯ ವಿದ್ಯುತ್ ತಂತಿಗಳು ಹಾದುಹೋಗಿರುತ್ತವೆ. ತಂತಿ ಕಾದರೆ ನಷ್ಟ ಒಂದು ಸಾಕೆಟ್ಟಿಗೆ ನಿಲ್ಲುವಂತಹ ಮನೆಗಳಲ್ಲ ಇವು.

ಇಷ್ಟನ್ನೂ ಹೇಳಿದ ಮೇಲೆ ಹೊಣೆ ಯಾರದೆಂಬುದನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಮೊದಲನೆಯ ಹೊಣೆ ಕಳುಹಿಸುವ ಮಕ್ಕಳದು. ಚಾರ್ಜರಿನಿಂದ ನಡೆಯುವ ಉಪಕರಣವನ್ನು ಫಲಕ ನೋಡಿ ತರಲಿ. ಕಾವು ಕೊಡುವ, ಮೋಟಾರು ತಿರುಗುವ, ರೋಗಿಗೆ ಉಪಯೋಗಿಸುವ ಉಪಕರಣಗಳನ್ನು ನಮ್ಮ ದೇಶದಲ್ಲಿಯೇ ಕೊಂಡುಕೊಡಲಿ. ಪ್ರೀತಿಗೆ ದೂರದ ಮುದ್ರೆ ಬೇಕಿಲ್ಲ. ಎರಡನೆಯ ಹೊಣೆ ಅಂಗಡಿಯವರದು. ಆಕಾರ ಬದಲಿಸುವ ತುಂಡನ್ನು ‘ಕನ್ವರ್ಟರ್’ ಎಂದು ಕರೆಯುವುದನ್ನು ಬಿಟ್ಟು ‘ಪಿನ್ ಅಡಾಪ್ಟರ್’ ಎನ್ನಲಿ. ‘ಇದು ವೋಲ್ಟೇಜನ್ನು ಬದಲಿಸುವುದಿಲ್ಲ’ ಎಂಬ ಕನ್ನಡದ ಚೀಟಿಯೊಂದನ್ನು ಅದರ ಮೇಲೆ ಅಂಟಿಸಲಿ.

ಮೂರನೆಯ ಹೊಣೆ ನಮ್ಮದು, ಎಂದರೆ ಭೌತಶಾಸ್ತ್ರವನ್ನು ಬೋಧಿಸುವವರದು. ಓಮನ ನಿಯಮವನ್ನು ಅಚ್ಚುಕಟ್ಟಾಗಿ ಬರೆಯುವ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ಮನೆಯ ಚಾರ್ಜರಿನ ಫಲಕವನ್ನು ತಿರುಗಿಸಿ ಓದಿದವರು ವಿರಳ. ವರ್ಷದಲ್ಲಿ ಒಂದು ಪಿರಿಯಡ್ಡನ್ನು ಇದಕ್ಕೆ ಮೀಸಲಿಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಲ್ಲಿರುವ ಉಪಕರಣಗಳ ಅಂಕಿಗಳನ್ನು ಬರೆದು ತರುವಂತೆ ಮಾಡಿದರೆ, ಆ ವಿದ್ಯೆ ಅಂದೇ ಸಂಜೆ ಅಜ್ಜ ಅಜ್ಜಿಯರ ಕೋಣೆಯನ್ನು ತಲುಪುತ್ತದೆ. ಇದಕ್ಕೆ ಪ್ರಯೋಗಶಾಲೆ ಬೇಡ, ಅನುದಾನ ಬೇಡ. ಬರುವ ಪಾಠಕ್ರಮದಲ್ಲಿ ಸೇರುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ.