ಹಳೆಯ ಕಾರಿನ ವ್ಯಾಪಾರ: ಅಡಗಿದ ದೋಷಕ್ಕೆ ಹೊಣೆ ಯಾರು?

ಮಧ್ಯಮ ವರ್ಗದ ಕುಟುಂಬಕ್ಕೆ ಹಳೆಯ ಕಾರು ಐಷಾರಾಮದ ವಸ್ತುವಲ್ಲ. ವರ್ಷಗಳ ಉಳಿತಾಯವನ್ನು, ಕೆಲವೊಮ್ಮೆ ಮನೆಯ ಒಡವೆಯನ್ನೂ ಕೊಟ್ಟು ಅದನ್ನು ಕೊಳ್ಳಲಾಗುತ್ತದೆ. ಮಕ್ಕಳನ್ನೂ ವೃದ್ಧ ತಂದೆತಾಯಿಯರನ್ನೂ ಅದರಲ್ಲಿ ಕೂರಿಸಿ ಘಟ್ಟದ ರಸ್ತೆಯಲ್ಲಿ ಸಾಗಬೇಕಾಗುತ್ತದೆ. ಆದ್ದರಿಂದ ಮಾರುವವನು ಮುಚ್ಚಿಟ್ಟ ದೋಷವು ಹಣದ ನಷ್ಟದಲ್ಲೇ ಮುಗಿಯುವುದಿಲ್ಲ. ಅದು ಜೀವಕ್ಕೂ ಎರವಾಗಬಲ್ಲದು.

ಪ್ರವಾದಿ(ಸ)ಯವರು ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟಾಗ ಬೆರಳುಗಳಿಗೆ ತೇವ ತಾಗಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರಶ್ನಿಸಿ, ವಂಚನೆಯ ವಿರುದ್ಧ ಕಟುವಾಗಿ ಎಚ್ಚರಿಸಿದರು. ಈ ಹದೀಸನ್ನು ನಾವು ಮಾರುವವರಿಗೆ ಮಾತ್ರ ನೆನಪಿಸುತ್ತೇವೆ. ಆದರೆ ರಾಶಿಯೊಳಗೆ ಕೈಯಿಟ್ಟು ನೋಡಿದ ಆ ಕ್ರಮದಲ್ಲಿ ಕೊಳ್ಳುವವರಿಗೂ ಪಾಠವಿದೆ.

"ನಮ್ಮವರೇ ತಾನೆ, ಪರೀಕ್ಷಿಸಿದರೆ ಏನೆಂದುಕೊಂಡಾರು" ಎಂಬ ಸಂಕೋಚವೇ ಅನೇಕರನ್ನು ಮೋಸಕ್ಕೆ ಗುರಿಪಡಿಸುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಲು ಕುರ್‌ಆನ್ ಆದೇಶಿಸಿರುವುದು ವಿಶ್ವಾಸಿಗಳಿಗೇ. ಪರೀಕ್ಷೆಯು ಅಪನಂಬಿಕೆಯಲ್ಲ, ಅದು ಮುಂದಿನ ಜಗಳವನ್ನು ತಡೆಯುವ ಉಪಾಯ.

ಹಾಗಾದರೆ ಏನನ್ನು ನೋಡಬೇಕು? ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಮೊದಲೇ ಬಿಸಿಮಾಡಿಟ್ಟ ಇಂಜಿನ್ ಅನೇಕ ದೋಷಗಳನ್ನು ಮರೆಮಾಚುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಕೆಸರಿನ ಕಲೆ ಕಂಡರೆ, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ ಬಂದರೆ, ಅದು ನೆರೆನೀರಿನಲ್ಲಿ ಮುಳುಗಿದ ವಾಹನವಾಗಿರಬಹುದು. ಬಾನೆಟ್ಟಿನ ಬೋಲ್ಟುಗಳಲ್ಲಿ ಸ್ಪ್ಯಾನರಿನ ಗುರುತು, ಬಾಗಿಲುಗಳ ಬಣ್ಣದಲ್ಲಿ ವ್ಯತ್ಯಾಸ ಇದ್ದರೆ ಅಪಘಾತದ ಬಗ್ಗೆ ವಿಚಾರಿಸಬೇಕು. ಮೀಟರ್ ತೋರಿಸುವ ಕಿಲೋಮೀಟರನ್ನು ಸರ್ವಿಸ್ ದಾಖಲೆಯೊಂದಿಗೆ, ಪೆಡಲ್ ರಬ್ಬರಿನ ಸವೆತದೊಂದಿಗೆ ಹೋಲಿಸಬೇಕು. ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ಗೆ ತೋರಿಸಲು ತಗಲುವ ಖರ್ಚು, ಮುಂದೆ ಬರಬಹುದಾದ ರಿಪೇರಿಯ ಮುಂದೆ ಅಲ್ಪ.

ಕಾಗದಪತ್ರಗಳಲ್ಲೂ ದೋಷ ಅಡಗಿರುತ್ತದೆ. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ, ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಹಾಗೂ ಫಾರ್ಮ್ 35 ಇಲ್ಲದೆ ಪೂರ್ತಿ ಹಣ ಕೊಡಬಾರದು. ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ವಾಹನದ ಮೇಲೆಯೇ ಓದಿ ತಾಳೆ ನೋಡಬೇಕು. ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು ಹೆಸರು ಬದಲಾಯಿಸದೆ ಓಡಿಸುವ ರೂಢಿ ಇಬ್ಬರಿಗೂ ಅಪಾಯಕಾರಿ. ಹೆಸರು ವರ್ಗಾವಣೆಯಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲಿಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲ ಹೊಣೆ ಮಾರುವವನದೇ. "ಇದ್ದ ಹಾಗೆ ಕೊಡುತ್ತೇನೆ, ನೋಡಿ ತಗೊಳ್ಳಿ" ಎಂಬ ಒಂದು ಮಾತಿನಿಂದ ಹೊಣೆ ಕಳಚಿತೆಂದು ಹಲವರು ಭಾವಿಸಿದ್ದಾರೆ. ಇಂತಹ ಶರತ್ತಿನ ವ್ಯಾಪ್ತಿಯ ಬಗ್ಗೆ ಹನಫಿ, ಶಾಫಿಈ ಕರ್ಮಶಾಸ್ತ್ರಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತನಗೆ ತಿಳಿದ ದೋಷವನ್ನು ಉದ್ದೇಶಪೂರ್ವಕವಾಗಿ ಅಡಗಿಸುವುದನ್ನು ಯಾವ ಮದ್‌ಹಬೂ ಸಮ್ಮತಿಸಿಲ್ಲ. ಮಾರಾಟಕ್ಕೆ ಮುನ್ನವೇ ಇದ್ದ, ಕೊಂಡವನಿಗೆ ತಿಳಿಯದಿದ್ದ ದೋಷ ಹೊರಬಿದ್ದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನೂ ಫಿಕ್‌ಹ್ ಕೊಟ್ಟಿದೆ. ಅದನ್ನೇ 'ಖಿಯಾರುಲ್ ಐಬ್' ಎನ್ನುತ್ತಾರೆ. ಮಧ್ಯೆ ನಿಂತು ಕಮಿಷನ್ ಪಡೆಯುವ ಬ್ರೋಕರ್, ದೋಷ ತಿಳಿದೂ ಮೌನವಾಗಿದ್ದರೆ ಆ ವಂಚನೆಯಲ್ಲಿ ಪಾಲುದಾರನಾಗುತ್ತಾನೆ.

ಗೇರ್‌ಬಾಕ್ಸಿನ ಸದ್ದನ್ನು ಮೊದಲೇ ಹೇಳಿದರೆ ಬೆಲೆ ಹತ್ತು ಸಾವಿರ ಇಳಿಯಬಹುದು. ಆದರೆ ಆ ಕಾರು ಕುಟುಂಬವೊಂದನ್ನು ನಡುರಸ್ತೆಯಲ್ಲಿ ನಿಲ್ಲಿಸುವುದಿಲ್ಲ. ಉಳಿದ ಹಣದಲ್ಲಿ ಬರಕತ್ತೂ ಇರುತ್ತದೆ. ನಮ್ಮಲ್ಲಿ ಕಾರು ಮಾರುವವರು ಬೆಲೆ ಹೇಳುವ ಮುನ್ನ ದೋಷ ಹೇಳುವುದನ್ನು ರೂಢಿಸಿಕೊಳ್ಳಲಿ. ಕೊಳ್ಳುವವರು ಸಂಕೋಚವಿಲ್ಲದೆ ಪರೀಕ್ಷಿಸಲಿ.